ಹೇರು, ಮೈಲಿ, ಹೊತ್ತು: ಲಾರಿ ಚಾಲಕರ ಕೂಲಿಯನ್ನು ಕುರಿತ ಮೂರು ಗ್ರಂಥಗಳ ಪರಾಮರ್ಶೆ

1

ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಸುಂಕದ ವಿವರಗಳನ್ನು ಓದುವವರಿಗೆ ಅಲ್ಲಿನ ಎಣಿಕೆಯ ಸೂಕ್ಷ್ಮತೆ ಮೊದಲು ಗೋಚರವಾಗುತ್ತದೆ. ಬಂಡಿಯ ಹೇರಿಗೆ ಒಂದು ದರ, ಎತ್ತಿನ ಹೇರಿಗೆ ಇನ್ನೊಂದು, ತಲೆಹೊರೆಗೆ ಮತ್ತೊಂದು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳಿಗೂ ಬೇರೆ ಬೇರೆ ಹೆಸರುಗಳಿವೆ. ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಗಳಲ್ಲಿ ಅವರು ಸಂಚರಿಸಿದ ನಾಡುಗಳ ಹಾಗೂ ವ್ಯವಹರಿಸಿದ ಸರಕುಗಳ ಪಟ್ಟಿ ವಿಸ್ತಾರವಾಗಿ ಬರುತ್ತದೆ. ಪ್ರಶಸ್ತಿಯ ಕೇಂದ್ರದಲ್ಲಿ ವರ್ತಕನಿದ್ದಾನೆ, ಸುಂಕದ ಲೆಕ್ಕದ ಕೇಂದ್ರದಲ್ಲಿ ಹೇರಿದೆ. ಎತ್ತು ಹೊಡೆದುಕೊಂಡು ಹೋದವನು ದಾರಿಯಲ್ಲಿ ಎಷ್ಟು ಹೊತ್ತು ಕಳೆದ, ಅವನಿಗೆ ಏನು ದೊರೆಯಿತು ಎಂಬ ಪ್ರಶ್ನೆಗೆ ಈ ಎರಡು ಬಗೆಯ ಪಠ್ಯಗಳಲ್ಲಿಯೂ ಎಡೆಯಿಲ್ಲ.

ಈ ಮೌನವನ್ನು ಗತಕಾಲದ ಮಾತೆಂದು ಬದಿಗಿಡಲು ಬಾರದು. ಅಮೆರಿಕದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ದುಡಿಯುವ ಲಾರಿ ಚಾಲಕರನ್ನು ಕುರಿತು ಈ ಶತಮಾನದಲ್ಲಿ ಪ್ರಕಟವಾಗಿರುವ ಮೂರು ಗ್ರಂಥಗಳನ್ನು ಓದಿದಾಗ ಅದೇ ಪ್ರಶ್ನೆ ನಮಗೆ ಮತ್ತೆ ಎದುರಾಯಿತು. ಮೈಕೇಲ್ ಬೆಲ್ಜರ್ ಅವರ ‘ಸ್ವೆಟ್‌ಶಾಪ್ಸ್ ಆನ್ ವೀಲ್ಸ್’ (2000), ಸ್ಟೀವ್ ವಿಸೆಲಿ ಅವರ ‘ದಿ ಬಿಗ್ ರಿಗ್’ (2016), ಕ್ಯಾರೆನ್ ಲೆವಿ ಅವರ ‘ಡೇಟಾ ಡ್ರಿವನ್’ (2022) ಇವೇ ಆ ಗ್ರಂಥಗಳು. ಇವನ್ನು ಒಟ್ಟಿಗೆ ಪರಿಶೀಲಿಸಿ, ದುಡಿಮೆಯನ್ನು ಕುರಿತ ನಮ್ಮದೇ ಪರಿಭಾಷೆಯನ್ನು, ಮುಖ್ಯವಾಗಿ ‘ಕಾಯಕ’ವೆಂಬ ಪದವನ್ನು, ಇವುಗಳ ಬೆಳಕಿನಲ್ಲಿ ಮರುಪರೀಕ್ಷೆಗೆ ಒಡ್ಡುವುದು ಪ್ರಸ್ತುತ ಲೇಖನದ ಉದ್ದೇಶ.

2

ಬೆಲ್ಜರ್ ಅರ್ಥಶಾಸ್ತ್ರಜ್ಞರು, ಅದಕ್ಕೆ ಮೊದಲು ಸ್ವತಃ ಲಾರಿ ಓಡಿಸಿದವರು. ಅವರ ವಾದದ ಬೆನ್ನೆಲುಬು ಐತಿಹಾಸಿಕವಾದುದು. 1935ರ ಕಾಯ್ದೆಯ ಪ್ರಕಾರ ಅಮೆರಿಕದ ಲಾರಿ ಸಾಗಣೆ ಅಂತರರಾಜ್ಯ ವಾಣಿಜ್ಯ ಆಯೋಗದ ನಿಯಂತ್ರಣಕ್ಕೆ ಒಳಪಟ್ಟಿತು. ಯಾರು ಯಾವ ಮಾರ್ಗದಲ್ಲಿ ಯಾವ ಸರಕನ್ನು ಯಾವ ದರಕ್ಕೆ ಒಯ್ಯಬೇಕೆಂಬುದು ಆಯೋಗದ ಅನುಮತಿಗೆ ಸೇರಿದ ವಿಷಯವಾಯಿತು. ಆ ಚೌಕಟ್ಟಿನೊಳಗೆ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘ ಬೆಳೆದು, 1964ರಲ್ಲಿ ಜಿಮ್ಮಿ ಹೊಫಾ ನೇತೃತ್ವದಲ್ಲಿ ರಾಷ್ಟ್ರಮಟ್ಟದ ಏಕರೂಪ ವೇತನ ಒಪ್ಪಂದವನ್ನು ಸಾಧಿಸಿತು. 1980ರ ಕಾಯ್ದೆಯು ಈ ನಿಯಂತ್ರಣವನ್ನು ಬಹುಮಟ್ಟಿಗೆ ಸಡಿಲಿಸಿತು. ಹೊಸ ಸಂಸ್ಥೆಗಳು ನುಗ್ಗಿದವು, ಬಾಡಿಗೆ ಇಳಿಯಿತು, ಬಾಡಿಗೆಯೊಡನೆ ಕೂಲಿಯೂ ಇಳಿಯಿತು. 1977ರಿಂದ 1995ರವರೆಗೆ ಚಾಲಕರ ನೈಜ ಗಳಿಕೆ ಸುಮಾರು ಶೇ. 30ರಷ್ಟು ಕುಸಿಯಿತೆಂಬುದು ಬೆಲ್ಜರ್ ಅವರ ಎಣಿಕೆ.

ಈ ಕುಸಿತದ ಒಳಗಿನ ಯಂತ್ರವನ್ನು ಅರಿಯಲು ಕೂಲಿಯ ಘಟಕವನ್ನು ಗಮನಿಸಬೇಕು. ದೂರಪ್ರಯಾಣದ ಚಾಲಕನಿಗೆ ಸಂಸ್ಥೆಯು ಸಾಮಾನ್ಯವಾಗಿ ಕೊಡುವುದು ಮೈಲಿಗೆ ಇಷ್ಟೆಂಬ ಕೂಲಿ. ಆ ಮೈಲಿಯನ್ನೂ ಅನೇಕ ಸಂಸ್ಥೆಗಳು ಲಾರಿಯ ಚಕ್ರ ಉರುಳಿದ ಲೆಕ್ಕದಲ್ಲಿ ಹಿಡಿಯದೆ, ಊರಿನಿಂದ ಊರಿಗೆ ಇರುವ ಕೋಷ್ಟಕದ ಲೆಕ್ಕದಲ್ಲಿ ಹಿಡಿಯುತ್ತವೆ. ಉಗ್ರಾಣದ ಬಾಗಿಲಲ್ಲಿ ಸರದಿಗಾಗಿ ಕಾಯುವುದು, ಲೋಡು ತುಂಬುವಾಗ ನಿಲ್ಲುವುದು, ಗಾಡಿಯನ್ನು ಪರೀಕ್ಷಿಸುವುದು, ಕಾಗದಪತ್ರ ತುಂಬುವುದು ಇವೆಲ್ಲ ದುಡಿಮೆಯೇ ಆದರೂ ಮೈಲಿಯ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಎರಡು ಗಂಟೆಗಳ ಕಾಯುವಿಕೆ ಉಚಿತವೆಂಬುದು ಆ ವ್ಯಾಪಾರದ ರೂಢಿ. ಅನಂತರದ ಕಾಯುವಿಕೆಗೆ ಸರಕಿನ ಧಣಿಯಿಂದ ಸಂಸ್ಥೆ ಶುಲ್ಕ ಪಡೆದರೂ ಅದರಲ್ಲಿ ಚಾಲಕನಿಗೆ ಪಾಲುಂಟೇ ಎಂಬುದು ಸಂಸ್ಥೆಯ ಇಚ್ಛೆಗೆ ಬಿಟ್ಟದ್ದು. 1938ರ ಕಾರ್ಮಿಕ ಕಾಯ್ದೆಯು ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿಯನ್ನು ವಿಧಿಸಿದಾಗ ಅಂತರರಾಜ್ಯ ಚಾಲಕರನ್ನು ಅದರಿಂದ ಹೊರಗಿಟ್ಟಿತು. ಕಾಯುವವನ ಹೊತ್ತಿಗೆ ಬೆಲೆಯಿಲ್ಲದ ಕಡೆ ಅವನನ್ನು ಬೇಗ ಕಳಿಸಬೇಕೆಂಬ ಅವಸರ ಯಾರಿಗೂ ಇರಲಾರದು. ಬೆಲ್ಜರ್ ಅವರ ಗ್ರಂಥದ ಬಲವಿರುವುದು ಈ ಸರಳ ಸತ್ಯವನ್ನು ಅಂಕಿಅಂಶಗಳ ಮೂಲಕ ಸ್ಥಾಪಿಸಿರುವಲ್ಲಿ.

ಆದರೆ 1980ಕ್ಕೆ ಹಿಂದಿನ ಕಾಲವನ್ನು ಸುವರ್ಣಯುಗವೆಂದು ಓದುವ ಅಪಾಯದಿಂದ ಓದುಗರು ಎಚ್ಚರವಾಗಿರಬೇಕು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಮಾನಿಸಿದ ಟೀಮ್‌ಸ್ಟರ್ಸ್ ಮೊಕದ್ದಮೆಯಲ್ಲಿ, ಒಂದು ದೊಡ್ಡ ಸಾಗಣೆ ಸಂಸ್ಥೆಯು ಹೆಚ್ಚು ಕೂಲಿಯ ದೂರಪ್ರಯಾಣದ ಕೆಲಸಗಳಿಂದ ಕಪ್ಪುಜನರನ್ನೂ ಸ್ಪ್ಯಾನಿಷ್ ಹೆಸರಿನವರನ್ನೂ ದೂರವಿಟ್ಟದ್ದು ಸಾಬೀತಾಯಿತು. ಸಂಘದ ಜ್ಯೇಷ್ಠತೆಯ ನಿಯಮ ಮಾತ್ರ ಅಲ್ಲಿ ಊರ್ಜಿತವಾಗಿ ಉಳಿಯಿತು. ಒಳ್ಳೆಯ ಕೂಲಿ ಇತ್ತು, ಆದರೆ ಅದು ಎಲ್ಲರಿಗೂ ತೆರೆದಿರಲಿಲ್ಲ.

3

ವಿಸೆಲಿ ಸಮಾಜಶಾಸ್ತ್ರಜ್ಞರು. ಒಂದು ದೊಡ್ಡ ಸಂಸ್ಥೆಯಲ್ಲಿ ತರಬೇತಿ ಪಡೆದು, ಕೆಲವು ತಿಂಗಳು ಲಾರಿ ಓಡಿಸಿ, ಬಳಿಕ ಅನೇಕ ಚಾಲಕರನ್ನು ಸಂದರ್ಶಿಸಿ ಬರೆದವರು. ಚಾಲಕರು ಏಕೆ ಸಿಡಿಮಿಡಿಗೊಳ್ಳುತ್ತಾರೆ ಎಂಬುದಕ್ಕಿಂತ, ಅಷ್ಟು ಸಿಡಿಮಿಡಿಯಿದ್ದೂ ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂಬುದು ಅವರ ಪ್ರಶ್ನೆ. ದೊಡ್ಡ ಸಂಸ್ಥೆಗಳಲ್ಲಿ ಕೆಲಸ ಬಿಡುವವರ ಪ್ರಮಾಣ ಹಲವು ವರ್ಷಗಳಲ್ಲಿ ಶೇ. 90ನ್ನು ಮುಟ್ಟಿದೆ ಅಥವಾ ಮೀರಿದೆ. ಅಂದರೆ ನೂರು ಸ್ಥಾನಗಳನ್ನು ತುಂಬಿಟ್ಟುಕೊಳ್ಳಲು ವರ್ಷವೊಂದರಲ್ಲಿ ಹತ್ತಿರಹತ್ತಿರ ನೂರು ಮಂದಿಯನ್ನು ಹೊಸದಾಗಿ ತರಬೇಕು. ತರಬೇತಿಯ ವೆಚ್ಚವನ್ನು ಸಾಲವಾಗಿ ಹೊರಿಸಿ, ಗೊತ್ತಾದ ಅವಧಿಯವರೆಗೆ ದುಡಿದರೆ ಮಾತ್ರ ಅದನ್ನು ಮನ್ನಾ ಮಾಡುವ ಕರಾರುಗಳು ಹೊಸಬರನ್ನು ಕಟ್ಟಿಹಾಕುತ್ತವೆ.

ಬೇಸತ್ತ ಚಾಲಕನ ಮುಂದೆ ಸಂಸ್ಥೆಯು ಇನ್ನೊಂದು ದಾರಿಯನ್ನು ಇಡುತ್ತದೆ: ನೀನೇ ಲಾರಿಯ ಮಾಲಿಕನಾಗು. ಲಾರಿಯನ್ನು ಸಂಸ್ಥೆಯೇ ಕಂತಿನ ಗುತ್ತಿಗೆಗೆ ಕೊಡುತ್ತದೆ, ಲೋಡನ್ನೂ ಅದೇ ಕೊಡುತ್ತದೆ, ಕಂತನ್ನು ಅದೇ ಮುರಿದುಕೊಳ್ಳುತ್ತದೆ. ಇಂಧನ, ದುರಸ್ತಿ, ವಿಮೆಗಳ ಭಾರ ಮಾತ್ರ ‘ಮಾಲಿಕ’ನ ಮೇಲೆ ಬೀಳುತ್ತದೆ. ಇಂತಹ ಚಾಲಕರು ಹೆಚ್ಚು ಹೊತ್ತು ದುಡಿದು ಕಡಿಮೆ ಉಳಿಸುತ್ತಾರೆಂದು ವಿಸೆಲಿ ತೋರಿಸುತ್ತಾರೆ. ಅವರ ಮಾತಿಗೆ ಕಾನೂನಿನ ಲೋಕದಿಂದ ಅನಂತರ ಪುಷ್ಟಿ ದೊರೆತಿದೆ. 2019ರ ಜನವರಿಯಲ್ಲಿ ನ್ಯೂ ಪ್ರೈಮ್ ಮತ್ತು ಒಲಿವೇರಾ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಾಗಣೆಯ ಕಾರ್ಮಿಕರಿಗೆ ಮಧ್ಯಸ್ಥಿಕೆಯ ಕಾಯ್ದೆಯಲ್ಲಿರುವ ವಿನಾಯಿತಿ ‘ಸ್ವತಂತ್ರ ಗುತ್ತಿಗೆದಾರ’ರೆಂದು ಕರೆಯಲ್ಪಟ್ಟ ಚಾಲಕರಿಗೂ ಅನ್ವಯಿಸುತ್ತದೆಂದು ಸರ್ವಾನುಮತದಿಂದ ತೀರ್ಪಿತ್ತಿತು. ಸರ್ಕಾರವೇ ನೇಮಿಸಿದ್ದ ಕಾರ್ಯಪಡೆಯೊಂದು 2025ರಲ್ಲಿ ಇಂತಹ ಗುತ್ತಿಗೆ-ಖರೀದಿ ಕರಾರುಗಳನ್ನು ನಿಷೇಧಿಸಬೇಕೆಂದು ಶಿಫಾರಸು ಮಾಡಿತು.

‘ಚಾಲಕರ ಕೊರತೆ’ ಎಂಬ ಮಾತನ್ನೂ ಇಲ್ಲಿಯೇ ಪರಿಶೀಲಿಸಬೇಕು. ಉದ್ಯಮದ ಸಂಘಟನೆಗಳು ದಶಕಗಳಿಂದ ಆಡುತ್ತ ಬಂದಿರುವ ಈ ಮಾತನ್ನು ಬರ್ಕ್ಸ್ ಮತ್ತು ಮೊನಾಕೊ ಅವರು 2019ರಲ್ಲಿ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ನಿಯತಕಾಲಿಕದಲ್ಲಿ ಪ್ರಶ್ನಿಸಿದರು. ಈ ಮಾರುಕಟ್ಟೆಯೂ ಇತರ ಮಾರುಕಟ್ಟೆಗಳಂತೆಯೇ ವರ್ತಿಸುತ್ತದೆ, ಕೂಲಿ ಏರಿದರೆ ಜನ ಬರುತ್ತಾರೆ ಎಂಬುದು ಅವರ ನಿಲುವು. ‘ಜನ ಸಿಕ್ಕುವುದಿಲ್ಲ’ ಎಂಬ ವಾಕ್ಯದಲ್ಲಿ ‘ಈ ಕೂಲಿಗೆ’ ಎಂಬ ಪದಗಳು ಲುಪ್ತವಾಗಿವೆ. ಲುಪ್ತವಾದುದನ್ನು ತುಂಬಿ ಓದುವುದು ವ್ಯಾಖ್ಯಾನಕಾರನ ಮೊದಲ ಕರ್ತವ್ಯ.

ವಿಸೆಲಿಯವರಲ್ಲಿ ನಮಗೆ ಕಾಣುವ ಒಂದು ಮಿತಿಯನ್ನು ಹೇಳಬೇಕು. ಚಾಲಕನ ‘ಸ್ವತಂತ್ರನಾಗಬೇಕು’ ಎಂಬ ಆಸೆಯನ್ನು ಅವರು ಬಹುತೇಕ ಸಂಸ್ಥೆಯು ಬಿತ್ತಿದ ಭ್ರಮೆಯೆಂದೇ ಓದುತ್ತಾರೆ. ಆ ಭ್ರಮೆ ನಿಜ. ಆದರೆ ತನ್ನ ದುಡಿಮೆಯ ಮೇಲೆ ತನಗೆ ಅಧಿಕಾರವಿರಬೇಕೆಂಬ ಆಸೆ ಸಂಸ್ಥೆಗಳಿಗಿಂತ ಬಹಳ ಹಳೆಯದು. ಅದನ್ನು ಸಂಸ್ಥೆ ಹುಟ್ಟಿಸಲಿಲ್ಲ, ಬಳಸಿಕೊಂಡಿತು.

4

ಲೆವಿಯವರ ಗ್ರಂಥ ಹೊತ್ತಿನ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಅಮೆರಿಕದ ನಿಯಮದಂತೆ ಚಾಲಕನು ಹತ್ತು ಗಂಟೆಗಳ ವಿರಾಮದ ಬಳಿಕ, 14 ಗಂಟೆಗಳ ಅವಧಿಯೊಳಗೆ, 11 ಗಂಟೆ ಮಾತ್ರ ಓಡಿಸಬಹುದು. ಹಿಂದೆ ಈ ಲೆಕ್ಕವನ್ನು ಚಾಲಕನೇ ಪುಸ್ತಕದಲ್ಲಿ ಬರೆಯುತ್ತಿದ್ದ. ಬರೆದುದು ಎಷ್ಟೋ ವೇಳೆ ಸುಳ್ಳಾಗಿರುತ್ತಿತ್ತು. 2017ರ ಡಿಸೆಂಬರಿನಿಂದ ಎಂಜಿನ್ನಿಗೆ ಜೋಡಿಸಿದ ಎಲೆಕ್ಟ್ರಾನಿಕ್ ಉಪಕರಣವೇ ಅದನ್ನು ದಾಖಲಿಸಬೇಕೆಂಬ ನಿಯಮ ಬಂತು. ಬಳಲಿದ ಚಾಲಕ ರಸ್ತೆಗಿಳಿಯಬಾರದೆಂಬ ಉದ್ದೇಶವನ್ನು ಯಾರೂ ತಳ್ಳಿಹಾಕಲಾರರು. ಆದರೆ ಮೈಲಿಗೆ ಕೂಲಿ ಎಂಬ ಮೂಲಕಾರಣವನ್ನು ಮುಟ್ಟದೆ ಕಾವಲನ್ನು ಮಾತ್ರ ಬಿಗಿಗೊಳಿಸಿದರೆ ಏನಾಗುತ್ತದೆ ಎಂಬುದು ಲೆವಿಯವರ ಪ್ರಶ್ನೆ. ಉಗ್ರಾಣದ ಬಾಗಿಲಲ್ಲಿ ಐದು ಗಂಟೆ ಕಾದವನ 14 ಗಂಟೆಗಳಲ್ಲಿ ಐದು ಕಳೆದುಹೋಗುತ್ತವೆ, ಕೈಗೆ ಕಾಸು ಬರುವುದಿಲ್ಲ. ಉಳಿದ ಒಂಬತ್ತು ಗಂಟೆಗಳಲ್ಲಿ ಅವನು ಧಾವಿಸಬೇಕು. ಉಪಕರಣವು ಅವನ ಪ್ರತಿಯೊಂದು ನಿಮಿಷವನ್ನೂ ದಾಖಲಿಸುತ್ತದೆ. ಅದಕ್ಕೆ ತಕ್ಕ ಕೂಲಿ ಕೊಡುವ ಹೊಣೆ ಮಾತ್ರ ಯಾರ ಮೇಲೂ ಬೀಳುವುದಿಲ್ಲ.

ಶಾಸನಕಾಲದಲ್ಲಿ ಹೊತ್ತಿನ ದಾಖಲೆಯೇ ಇರಲಿಲ್ಲ. ಈಗ ದಾಖಲೆಯುಂಟು, ಬೆಲೆಯಿಲ್ಲ. ಕನ್ನಡದಲ್ಲಿ ‘ಹೊತ್ತು’ ಎಂಬ ರೂಪ ಎರಡು ಬೇರೆ ಮೂಲಗಳಿಂದ ಬಂದು ಒಂದಾಗಿದೆ. ಕಾಲವಾಚಿಯಾದ ‘ಪೊೞ್ತು’ ಒಂದು, ‘ಪೊಱು’ ಧಾತುವಿನಿಂದಾದ ‘ಪೊತ್ತು’ ಇನ್ನೊಂದು. ವ್ಯುತ್ಪತ್ತಿಯಲ್ಲಿ ಇವುಗಳಿಗೆ ಸಂಬಂಧವಿಲ್ಲ. ಆದರೂ ಹೊತ್ತವನ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ವಾದಕ್ಕೆ ನಮ್ಮ ನುಡಿಯಲ್ಲಿ ಇದಕ್ಕಿಂತ ಅಡಕವಾದ ಮಾತು ಸಿಗಲಾರದು.

5

ಇನ್ನು ನಮ್ಮ ಪರಿಭಾಷೆಯ ವಿಚಾರ. ದುಡಿಮೆಯ ಮಾತು ಬಂದೊಡನೆ ಹನ್ನೆರಡನೆಯ ಶತಮಾನದ ಕಾಯಕತತ್ತ್ವವನ್ನು ಉಲ್ಲೇಖಿಸುವುದು ಕನ್ನಡ ವಿದ್ವತ್ತಿನ ವಾಡಿಕೆ. ನಾವೂ ಇದಕ್ಕೆ ಹೊರತಲ್ಲ. ಕಾರ್ಖಾನೆಯ ಉದ್ಘಾಟನೆಯಿಂದ ಕಚೇರಿಯ ಗೋಡೆಯವರೆಗೆ ಕಾಯಕವನ್ನು ಕೈಲಾಸಕ್ಕೆ ಸಮೀಕರಿಸುವ ಮಾತು ನಿರಾಯಾಸವಾಗಿ ಬಳಕೆಯಾಗುತ್ತಿದೆ. ಹೆಚ್ಚು ಕೇಳಬೇಡ, ದುಡಿ ಎಂಬುದೇ ಅದರ ಅರ್ಥವೆಂಬಂತೆ ಅದನ್ನು ಮಾಲಿಕರು ಕಾರ್ಮಿಕರಿಗೆ ಉಪದೇಶಿಸಿದಾಗ ವಿದ್ವಾಂಸರು ತಡೆದದ್ದು ಕಡಿಮೆ.

ಶರಣರ ಸಂದರ್ಭವನ್ನು ಸರಿಯಾಗಿ ನೋಡೋಣ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂಬ ಕಥೆ ಪ್ರಸಿದ್ಧವಾದುದು. ಇಷ್ಟು ಸಾಕು ಎಂಬ ಗೆರೆಯನ್ನು ಅಲ್ಲಿ ಎಳೆದವಳು ದುಡಿಯುವವಳೇ ಹೊರತು ದುಡಿಸಿಕೊಳ್ಳುವವನಲ್ಲ. ಅಂಬಿಗರ ಚೌಡಯ್ಯನು ಜನರನ್ನು ಹೊಳೆ ದಾಟಿಸುತ್ತಿದ್ದವನು, ಸಾಗಣೆಯ ಕಾಯಕದವನು. ಅವನ ವಚನಗಳ ನಿಷ್ಠುರತೆ ಯಾರ ಹಂಗಿನಲ್ಲೂ ಇಲ್ಲದವನ ನಿಷ್ಠುರತೆ. ಸುಂಕದ ಬಂಕಣ್ಣನು ದಾರಿಯ ಸುಂಕವನ್ನೇ ರೂಪಕವಾಗಿಸಿಕೊಂಡವನು. ದುಡಿಮೆಯ ರೀತಿ, ಮಿತಿ, ಫಲದ ವಿನಿಯೋಗ ಇವುಗಳ ಮೇಲೆ ದುಡಿಯುವವನಿಗೆ ಅಧಿಕಾರವಿರುವುದು ಕಾಯಕದ ಪೂರ್ವನಿಯಮ. ಹೊರಡುವ ಹೊತ್ತು, ಹಿಡಿಯುವ ದಾರಿ, ನಿಲ್ಲುವ ಜಾಗ, ಮಲಗುವ ಗಳಿಗೆ ಇವಾವುವೂ ತನ್ನ ಕೈಯಲ್ಲಿಲ್ಲದ ಚಾಲಕನ ದುಡಿಮೆಯನ್ನು ಕಾಯಕವೆಂದು ಕರೆದರೆ ಅದರಿಂದ ಅವನಿಗೆ ಗೌರವ ಸಲ್ಲುವುದಿಲ್ಲ, ಅವನಿಗೆ ಸಲ್ಲಬೇಕಾದುದು ಮರೆಯಾಗುತ್ತದೆ. ಅದರ ಹೆಸರು ಕೂಲಿ. ಕೂಲಿಯೆಂದು ಕರೆದಾಗ ಮಾತ್ರ ಎಷ್ಟು, ಯಾವುದಕ್ಕೆ, ಯಾವಾಗ ಎಂಬ ಪ್ರಶ್ನೆಗಳು ಹುಟ್ಟುತ್ತವೆ.

6

ಭಾರತದ ಚಿತ್ರ ಅಮೆರಿಕದ್ದಕ್ಕಿಂತ ಭಿನ್ನ. ಇಲ್ಲಿ ಲಾರಿಗಳ ಬಹುಪಾಲು ಸಣ್ಣ ಮಾಲಿಕರದು. ದೊಡ್ಡ ಸಾಗಣೆ ಸಂಸ್ಥೆಗಳು ಎಷ್ಟೋ ವೇಳೆ ದಲ್ಲಾಳಿಗಳ ಮೂಲಕ ಅವರ ಗಾಡಿಗಳನ್ನು ಹಿಡಿಯುತ್ತವೆ. ಚಾಲಕನಿಗೆ ಸಂಬಳಕ್ಕಿಂತ ಟ್ರಿಪ್ಪಿನ ಲೆಕ್ಕ ಮತ್ತು ಬಾಟಾ ಮುಖ್ಯ. ಆದರೆ ಕಾಯುವಿಕೆಗೆ ಬೆಲೆಯಿಲ್ಲವೆಂಬ ಮೂಲತತ್ತ್ವ ಎರಡೂ ಕಡೆ ಒಂದೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರುಳ್ಳ ಉದ್ಯಮಗಳಿಗೆ ಅನ್ವಯಿಸುವಂಥದಾದುದರಿಂದ ಸಣ್ಣ ಮಾಲಿಕನ ಚಾಲಕ ಅದರ ಹೊರಗೇ ಉಳಿದ. ಆ ಕಾಯ್ದೆ 2020ರ ವೃತ್ತಿ ಸುರಕ್ಷತೆ ಸಂಹಿತೆಯಲ್ಲಿ ಲೀನವಾಗಿದೆ; ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ರಾಜ್ಯಗಡಿಗಳ ತೆರಿಗೆ ಠಾಣೆಗಳು ತೆರವಾದವು, 2021ರ ಫೆಬ್ರವರಿಯಿಂದ ಹೆದ್ದಾರಿಯ ಸುಂಕಕಟ್ಟೆಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಹೀಗೆ ಉಳಿದ ಹೊತ್ತು ಚಾಲಕನ ನಿದ್ರೆಗೆ ಸಂದಿತೇ, ಮುಂದಿನ ಟ್ರಿಪ್ಪಿಗೆ ಸಂದಿತೇ ಎಂಬುದು ಸಂಶೋಧಕರು ಕೇಳಬೇಕಾದ ಪ್ರಶ್ನೆ.

2024ರ ಜನವರಿಯ ಮೊದಲ ದಿನಗಳಲ್ಲಿ ಚಾಲಕರು ಅನೇಕ ರಾಜ್ಯಗಳಲ್ಲಿ ಗಾಡಿ ನಿಲ್ಲಿಸಿದರು. ಅಪಘಾತ ಮಾಡಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಕಲಮು ಅದಕ್ಕೆ ಕಾರಣ. ಆ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಾಗ ಈ ಒಂದು ಉಪಕಲಮನ್ನು ತಡೆಹಿಡಿಯಲಾಯಿತು. ಓಡಿಹೋಗುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಬಳಲಿಕೆಯನ್ನು ಉಂಟುಮಾಡುವ ಲೆಕ್ಕಾಚಾರವನ್ನು ಬಿಟ್ಟು ಬಳಲಿದವನನ್ನು ಮಾತ್ರ ಹಿಡಿಯುವ ಕಾನೂನು, ಲೆವಿಯವರು ವಿವರಿಸುವ ಉಪಕರಣದ ತರ್ಕವನ್ನೇ ಅನುಸರಿಸುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾದುದು ಸ್ವಾಗತಾರ್ಹವೇ. ಆದರೂ ತಂಪಾದ ಕ್ಯಾಬಿನ್ನಿನಲ್ಲಿ ಕಾದರೂ ಅದು ಕೂಲಿಯಿಲ್ಲದ ಕಾಯುವಿಕೆಯೇ.

7

ಈ ಮೂರು ಗ್ರಂಥಗಳಿಂದ ಹೊರನಾಡಿನ ಕನ್ನಡ ಸಂಶೋಧಕರು ಪಡೆಯಬಹುದಾದುದು ಮುಖ್ಯವಾಗಿ ಒಂದು ವಿಧಾನ: ಕೂಲಿಯ ಮೊತ್ತವನ್ನು ಕೇಳುವ ಮೊದಲು ಅದರ ಘಟಕವನ್ನು ಕೇಳುವುದು. ವಾಶಿಯ ಮಾರುಕಟ್ಟೆ, ದಿಲ್ಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರ, ಚೆನ್ನೈನ ಮಾಧವರಂ, ಹೈದರಾಬಾದಿನ ಆಟೋನಗರ ನಮ್ಮ ವಿಭಾಗಗಳಿಂದ ಬಹು ದೂರದಲ್ಲಿಲ್ಲ. ಅಲ್ಲಿ ಲೋಡಿಗಾಗಿ ಕಾಯುತ್ತಿರುವ ಕನ್ನಡ ಮಾತಿನ ಚಾಲಕನು ಬಾಡಿಗೆ, ಬಾಟಾ, ಖಾಲಿ ಓಟಗಳನ್ನು ಯಾವ ಪದಗಳಲ್ಲಿ ವಿವರಿಸುತ್ತಾನೆ, ಕಾದ ಹೊತ್ತಿಗೆ ಅವನ ನುಡಿಯಲ್ಲಿ ಏನು ಹೆಸರಿದೆ ಎಂಬುದನ್ನು ಸಂಗ್ರಹಿಸುವ ಕೆಲಸ ಭಾಷಾಶಾಸ್ತ್ರಕ್ಕೂ ಸಾಹಿತ್ಯ ಚರಿತ್ರೆಗೂ ಸೇರಿದ್ದು. ಶಾಸನಕಾರನು ಹೇರನ್ನು ಎಣಿಸಿ ಹೊಡೆದವನನ್ನು ಬಿಟ್ಟನೆಂದು ನಾವು ಇಂದು ಗುರುತಿಸುತ್ತೇವೆ. ನಮ್ಮ ಕಾಲದ ದಾಖಲೆಗಳನ್ನು ಮುಂದೆ ಓದುವವರು ನಮ್ಮ ಬಗ್ಗೆಯೂ ಅದೇ ಮಾತನ್ನು ಹೇಳಬಾರದಾದರೆ ಈ ಕೆಲಸವನ್ನು ನಾವು ಈಗಲೇ ಕೈಗೊಳ್ಳಬೇಕು.