ಸಾಹಿತ್ಯಸಭೆಯಲ್ಲಿ ಸೂಕ್ಷ್ಮಜೀವಿ

ಸಾಹಿತ್ಯೋತ್ಸವದ ವೇದಿಕೆಯಲ್ಲಿ ಸೂಕ್ಷ್ಮಜೀವಿಗಳನ್ನು ಕುರಿತ ಉಪನ್ಯಾಸವೇತಕ್ಕೆ ಎಂದು ಕೇಳುವವರುಂಟು. ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ 1918ರಲ್ಲಿಯೇ ಉತ್ತರ ದೊರೆತಿದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಆ ವರ್ಷ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ಆದುದರಿಂದ ಈಗ ವಿಚಾರಿಸತಕ್ಕದ್ದು ಉಪನ್ಯಾಸವು ಬೇಕೇ ಎಂಬುದನ್ನಲ್ಲ, ಹೇಗಿರಬೇಕೆಂಬುದನ್ನು.

ಇಂತಹ ಉಪನ್ಯಾಸಗಳಲ್ಲಿ ಎರಡು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ಆಲಂಕಾರಿಕರು ಹೇಳುವ ಅಪ್ರತೀತದೋಷ. ಎಂದರೆ, ಒಂದು ಶಾಸ್ತ್ರದವರಿಗೆ ಮಾತ್ರ ತಿಳಿದ ಪದವನ್ನು ಎಲ್ಲರೆದುರಿಗೂ ಪ್ರಯೋಗಿಸುವುದು. ಕಾಫಿಯ ನಾಡಿನಲ್ಲಿ ಇದಕ್ಕೆ ಕಾರಣವೇ ಇಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ‘ಕೊಳೆರೋಗ’ವೆಂದರೆ ಎಲ್ಲರಿಗೂ ತಿಳಿಯುತ್ತದೆ. ಮುಂಗಾರಿನ ಮಂಜಿನಲ್ಲಿ, ದಟ್ಟವಾದ ನೆರಳಿನ ಕೆಳಗೆ, ಕಾಫಿಯ ಎಲೆ ಕಪ್ಪಾಗಿ ಕೊಳೆತು, ಶಿಲೀಂಧ್ರದ ಎಳೆಗಳಿಂದಲೇ ಕೊಂಬೆಗೆ ಜೋತಾಡುತ್ತದೆ. ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ಪಂಡಿತನು 1876ರಲ್ಲಿ ಆ ಶಿಲೀಂಧ್ರಕ್ಕೆ ನಾಮಕರಣ ಮಾಡುವಾಗ ಈ ಕನ್ನಡ ಪದವನ್ನೇ ಲ್ಯಾಟಿನ್ ಪದದ ಪಕ್ಕದಲ್ಲಿರಿಸಿ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಕರೆದನು. ಪರದೇಶಿಯು ಎರವಲು ಪಡೆದ ಮಾತನ್ನು ಕನ್ನಡದ ಉಪನ್ಯಾಸಕನು ಕೈಬಿಟ್ಟು ನಿಘಂಟನ್ನು ತಡಕುವುದು ವಿಚಿತ್ರವಲ್ಲವೆ?

ಪರಿಚಿತ ಪದವಾದರೂ ಆರಂಭಮಾತ್ರ. ಅಡಕೆಯ ಕೊಳೆರೋಗಕ್ಕೂ ಕಾಫಿಯ ಕೊಳೆರೋಗಕ್ಕೂ ಹೆಸರು ಒಂದೇ. ತರುವ ಜೀವಿಗಳು ಬೇರೆ. ಅಡಕೆಯದು ಫೈಟಾಫ್ತೊರ, ಅದು ಶಿಲೀಂಧ್ರದಂತೆ ತೋರಿದರೂ ಆ ವಂಶದ್ದಲ್ಲ. ಕಣ್ಣಿಗೆ ಕಂಡುದಕ್ಕೆ ಜನರು ಹೆಸರಿಟ್ಟರು; ಆ ಹೆಸರಿನೊಳಗಿನ ಭೇದವನ್ನು ಸೂಕ್ಷ್ಮದರ್ಶಕವು ತೋರಿಸಿತು. ಶ್ರೋತೃಗಳನ್ನು ಮೊದಲನೆಯದರಿಂದ ಎರಡನೆಯದಕ್ಕೆ ಕರೆದೊಯ್ಯುವುದೇ ಉಪನ್ಯಾಸದ ಪ್ರಯೋಜನ.

ಎರಡನೆಯ ದೋಷವು ಸೂಕ್ಷ್ಮಜೀವಿಗಳನ್ನೆಲ್ಲ ಶತ್ರುಸೈನ್ಯವೆನ್ನುವ ರೂಪಕ. ವೀರರಸವೇನೋ ಹುಟ್ಟುತ್ತದೆ, ಔಚಿತ್ಯವು ಕೆಡುತ್ತದೆ. ತೊಟ್ಟಿಯಲ್ಲಿ ನೆನೆದ ಕಾಫಿಬೀಜದ ಲೋಳೆಯನ್ನು ಕರಗಿಸುವವೂ, ಹಾಲನ್ನು ಹೆಪ್ಪಾಗಿಸುವವೂ ಸೂಕ್ಷ್ಮಜೀವಿಗಳೇ. ಕಾಳಿದಾಸನ ಮೇಘದೂತದಲ್ಲಿ ಗುಡುಗಿಗೆ ಮೇಲೇಳುವ ಶಿಲೀಂಧ್ರಗಳು ಭೂಮಿಯ ಫಲವತ್ತತೆಗೆ ಕುರುಹು. ಈ ರೂಪಕದ ಹಾನಿಯು ಸಭೆಯೊಡನೆ ಮುಗಿಯುವುದಿಲ್ಲ. ಎಲ್ಲವೂ ಒಂದೇ ಶತ್ರುವೆಂದು ನಂಬಿದವನು ಎಲ್ಲಕ್ಕೂ ಒಂದೇ ಮದ್ದನ್ನು ಅರಸುತ್ತಾನೆ. ವೈರಸ್ಸಿನಿಂದ ಬಂದ ನೆಗಡಿಗೂ ಆಂಟಿಬಯೋಟಿಕ್ಕನ್ನು ಬೇಡುತ್ತಾನೆ. ಅದು ನೆಗಡಿಯನ್ನು ಗುಣಪಡಿಸುವುದಿಲ್ಲ. ಮದ್ದಿಗೆ ಮಣಿಯದ ಬ್ಯಾಕ್ಟೀರಿಯಗಳು ಬೆಳೆಯಲು ಮಾತ್ರ ದಾರಿಯಾಗುತ್ತದೆ. ಅನುಭವಸ್ಥ ಬೆಳೆಗಾರನಾದರೋ ಮಳೆಗೆ ಮುಂಚೆ ನೆರಳನ್ನು ತೆಳುಗೊಳಿಸಿ, ಗಿಡದ ನಡುವಣ ಚಿಗುರನ್ನು ತೆಗೆದು, ಗಾಳಿಯಾಡಲು ಬಿಡುತ್ತಾನೆ. ಇದು ಯುದ್ಧವಲ್ಲ, ವಿವೇಕ.

ಸರಿಯಾದ ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ಮೂಡಿಗೆರೆಯಲ್ಲಿ ಕಾಫಿ ಬೆಳೆದು ಬಾಳಿದ ಪೂರ್ಣಚಂದ್ರ ತೇಜಸ್ವಿಯವರ (1938-2007) ‘ಕರ್ವಾಲೊ’ (1980) ಕಾದಂಬರಿಯಲ್ಲಿ ವಿಜ್ಞಾನಿಯು ಹಳ್ಳಿಯ ಮಂದಣ್ಣನ ಕಣ್ಣನ್ನು ನಂಬಿ ಹಾರುವ ಓತಿಯನ್ನು ಅರಸುತ್ತಾನೆ. ಅಲ್ಲಿರುವುದು ಸೂಕ್ಷ್ಮಜೀವಿಯ ವಿಷಯವಲ್ಲ. ಆದರೆ ಬಲ್ಲವನು ಬಲ್ಲವನೊಡನೆ ಮಾತಾಡುವ ರೀತಿ ಅಲ್ಲಿದೆ. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿಯ ಸಂಶೋಧನಾಕೇಂದ್ರವನ್ನು ಹೊಂದಿರುವ ಈ ಜಿಲ್ಲೆಯಲ್ಲಿ ಉಪನ್ಯಾಸಕರು ಕೊಳೆತ ಎಲೆಯೊಂದನ್ನು ಸಭಿಕರ ಕೈಗಿತ್ತು ಆರಂಭಿಸಲಿ. ಮೊದಲ ಪ್ರಶ್ನೆಯನ್ನು ಸಭಿಕರೇ ಕೇಳುವರು.