ತಂಪು ಗೋಡೆಯದೋ, ಮಾಳಿಗೆಯದೋ?

ಮಣ್ಣಿನ ಮನೆ ಬೇಸಿಗೆಯಲ್ಲಿ ತಂಪು ಎಂಬ ಮಾತನ್ನು ಈಗ ಹಳ್ಳಿಯವರಿಗಿಂತ ಪೇಟೆಯವರೇ ಹೆಚ್ಚು ಆಡುತ್ತಾರೆ. ಮಾತೇನೋ ಸುಳ್ಳಲ್ಲ. ಆದರೆ ಹೊಗಳಿಕೆಯೆಲ್ಲ ಗೋಡೆಯ ಪಾಲಾಗಿದೆ, ನಿಜವಾಗಿ ದುಡಿಯುವ ಮಾಳಿಗೆಯನ್ನು ಯಾರೂ ಕೇಳುವುದಿಲ್ಲ.

ರಾಯಚೂರು, ಕೊಪ್ಪಳ, ಗದಗ ಸೀಮೆಯ ಹಳೆಯ ಮನೆಗಳನ್ನೇ ನೋಡಿ. ಎರಡಡಿ ದಪ್ಪದ ಗೋಡೆ, ಒಳಗೆ ಕಂಬ, ತೊಲೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು, ಅದರ ಮೇಲೆ ಗೇಣಿಗೂ ಮೀರಿದ ಮಣ್ಣು. ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ. ಬೆಳಕು ಇಳಿಯುವುದು ಮಾಳಿಗೆಯ ಬೆಳಕಿಂಡಿಯಿಂದ. ಮೇ ಮೊದಲ ವಾರ ರಾಯಚೂರಿನಲ್ಲಿ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆ ಹೊತ್ತಿನಲ್ಲಿ ಗೋಡೆಗೆ ತಾಗುವ ಬಿಸಿಲು ಅಲ್ಪ, ಹೊರೆಯೆಲ್ಲ ಮಾಳಿಗೆಯದು. ಮಣ್ಣು ಕಾವನ್ನು ಪೂರ್ತಿ ತಡೆಯುವುದಿಲ್ಲ, ತಡಮಾಡಿಸುತ್ತದೆ. ಮಧ್ಯಾಹ್ನದ ಝಳ ಒಳಗೆ ಇಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ನಾಲ್ಕೈದು ಇಂಚಿನ ಆರ್‌ಸಿಸಿಗೆ ಆ ತಾಳ್ಮೆ ಎಲ್ಲಿಯದು? ಸಂಜೆಗೇ ಅದು ಕಾದ ಹಂಚು.

ಮಣ್ಣಿನ ಪರ ವಾದಿಸುವವರು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ ಬರೆದಿಟ್ಟ ಪ್ರಯೋಗವೊಂದನ್ನು ಮುಂದಿಡುತ್ತಾರೆ. 1964ರ ಮಾರ್ಚ್‌ನಲ್ಲಿ ಕೈರೋದಲ್ಲಿ ಎರಡು ಬಗೆಯ ಮಾದರಿ ಕೋಣೆಗಳ ಉಷ್ಣತೆಯನ್ನು ಅಳೆಯಲಾಯಿತು. ಮಣ್ಣಿನ ಇಟ್ಟಿಗೆಯ ಕೋಣೆಯೊಳಗೆ ದಿನವಿಡೀ 2 ಡಿಗ್ರಿಗಿಂತ ಹೆಚ್ಚು ಏರಿಳಿತ ಕಾಣಲಿಲ್ಲ. ಕಾಂಕ್ರೀಟ್ ಕೋಣೆ ಹೊರಗಿನ ಗಾಳಿಗಿಂತಲೂ ಬಿಸಿಯಾಯಿತು. ಪ್ರಯೋಗ ಚೆನ್ನಾಗಿದೆ, ಆದರೆ ಮಣ್ಣಿನ ದಪ್ಪ 50 ಸೆಂ.ಮೀ., ಕಾಂಕ್ರೀಟಿನದು ಬರೀ 10. ಗೆದ್ದದ್ದು ಮಣ್ಣೋ, ದಪ್ಪವೋ?

ಇನ್ನು ರಾತ್ರಿಯ ಪಾಡು. ಹಗಲೆಲ್ಲ ಹೀರಿದ ಕಾವನ್ನು ಮನೆ ಒಳಕ್ಕೇ ಬಿಡತೊಡಗುತ್ತದೆ, ಗಾಳಿಗೆ ದಾರಿಯಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುವುದು. ಹೊಗಳುವವರು ಈ ಭಾಗವನ್ನು ಸಲೀಸಾಗಿ ಬಿಟ್ಟುಬಿಡುತ್ತಾರೆ. ಸೋರದಿರಲೆಂದು ಮಳೆಗಾಲಕ್ಕೆ ಮೊದಲು ಮತ್ತೆ ಮತ್ತೆ ಮಣ್ಣು ಹಾಕಿದಂತೆ ಭಾರ ಏರುತ್ತದೆ. ಗೆದ್ದಲು ತಿಂದ ಜಂತಿಯ ಮೇಲೆ ಆ ಮಣ್ಣು ನೆನೆದರೆ ಮನೆಯೇ ಕುಸಿಯುತ್ತದೆ. ಹಗಲು ಕಾಯ್ದ ಭಾರವೇ ಜೀವಕ್ಕೂ ಎರವಾಗುತ್ತದೆ.

ಹೊಸ 'ಮಣ್ಣಿನ ಮನೆ'ಗಳ ಕಥೆ ಬೇರೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ 'ಅಸ್ತ್ರ' ಎಂಬ ತಂಡ ಬೆಳೆಸಿದ ಒತ್ತುಮಣ್ಣಿನ ಇಟ್ಟಿಗೆ ಒಳ್ಳೆಯ ವಸ್ತು. ಭಟ್ಟಿಯ ಸೌದೆ ಉಳಿಸುತ್ತದೆ, ಮಳೆಗೂ ನಿಲ್ಲುತ್ತದೆ. ಅದರಲ್ಲಿ ಒಂಬತ್ತು ಇಂಚಿನ ಗೋಡೆ ಎಬ್ಬಿಸಿ, ಮೇಲೆ ಬೋಳು ಆರ್‌ಸಿಸಿ ಹಾಕಿ, ಪಶ್ಚಿಮಕ್ಕೆ ಗಾಜಿನ ಕಿಟಕಿ ಇಟ್ಟರೆ ಹಳೆಯ ಮನೆಯಿಂದ ಬಂದದ್ದು ಬಣ್ಣ ಮಾತ್ರ. ಆ ಆರ್‌ಸಿಸಿಗೆ ಸುಣ್ಣ ಬಳಿದು ಮೇಲೊಂದು ಚಪ್ಪರ ಹಾಕಿದರೂ ಬಿಸಿಲು ನೆತ್ತಿಗೆ ಬಂದ ದಿನಗಳಲ್ಲಿ ಗೋಡೆ ಬದಲಿಸಿದ್ದಕ್ಕಿಂತ ಹೆಚ್ಚು ಫಲ ಸಿಗುತ್ತದೆ. ನಕ್ಷೆ ಬರೆಯುವವರು ಚಪ್ಪರ ತೋರಿಸುವುದು ಮಾತ್ರ ಅಪರೂಪ.