ಬರಿಗೊಂಬೆಯ ಛಾಯಾಚಿತ್ರ

ಎಲೆಯುದುರಿದ ವೃಕ್ಷವನ್ನು ಕಪ್ಪು-ಬಿಳುಪಿನಲ್ಲಿ ಹಿಡಿಯುವ ಪದ್ಧತಿ ಛಾಯಾಗ್ರಹಣದಷ್ಟೇ ಹಳೆಯದು. ಇಂಗ್ಲೆಂಡಿನ ಟಾಲ್ಬಟ್ ಮಹಾಶಯನು 1840ರ ದಶಕದ ಆದಿಯಲ್ಲಿಯೇ ಚಳಿಗಾಲದ ಓಕ್ ಮರವೊಂದನ್ನು ಕಾಗದದ ಮೇಲೆ ಮೂಡಿಸಿದನು. ಅಲ್ಲಿ ಮರವು ತಿಂಗಳುಗಟ್ಟಲೆ ಬರಿದಾಗಿ ನಿಲ್ಲುವುದು. ಅದರಲ್ಲಿ ಶೋಕವನ್ನು ಕಾಣುವುದು ಸಹಜ. ಆ ಶೋಕವನ್ನೇ ಜೋಗುಪಾಳ್ಯದ ಬೀದಿಗೆ ತಂದರೆ, ಕ್ಷೇಮೇಂದ್ರನು ಕಾವ್ಯದ ಜೀವವೆಂದ ಔಚಿತ್ಯವು ಕೆಡುವುದು. ಬೆಂಗಳೂರಿನ ಬೂರುಗವು ಜನವರಿ-ಫೆಬ್ರವರಿಗಳಲ್ಲಿ ಎಲೆಯಿಲ್ಲದ ಕೊಂಬೆಯ ಮೇಲೆಯೇ ಕೆಂಪು ಹೂ ತಳೆಯುವುದು. ಕಪ್ಪು-ಬಿಳುಪಿನಲ್ಲಿ ಆ ಕೆಂಪು ಬೂದುಬಣ್ಣವಾಗಿ ಕೊಂಬೆಯೊಳಗೆ ಲೀನವಾದರೆ, ಸಿರಿವಂತ ಮರವು ಬಡಮರವೆನಿಸುವುದು. ಮಸೂರದ ಮುಂದೆ ಕೆಂಪು ಗಾಜನ್ನಿಟ್ಟರೆ ನೀಲಾಕಾಶವು ಕಪ್ಪಾಗಿ ಹೂವು ಬೆಳಗುವುದು. ವರ್ಣವನ್ನು ತ್ಯಜಿಸಿದ ಕಲಾವಿದನು ಋತುವನ್ನು ತ್ಯಜಿಸಲಾಗದು. ಬೋಳುಮರಕ್ಕೂ ಒಣಮರಕ್ಕೂ ಇರುವ ಭೇದವು ಯಾವ ಚಿತ್ರದಲ್ಲಿ ತಿಳಿಯುವುದೋ ಅದೇ ಯೋಗ್ಯವಾದ ಚಿತ್ರ.